ಚೀಲದ ಮೇಲಿನ ಚೀಟಿ

"ಅಕ್ಕಾ, ನಾನೇನೂ ಮಾಡ್ಲಿಲ್ಲ."

ನಮ್ಮ ಅಂಗಡಿಯ ಹುಡುಗ ಹೀಗೆ ಹೇಳಿದ ಅಂದರೆ ಏನೋ ಮಾಡಿದ್ದಾನೆ ಅಂತಲೇ ಲೆಕ್ಕ. ನಾನು ಆಗಷ್ಟೇ ಒಳಗೆ ಬಂದು ಛತ್ರಿಯನ್ನು ಬಕೆಟ್ಟಿಗೆ ಹಾಕಿದ್ದೆ. ಮಳೆಗಾಲದಲ್ಲಿ ನಮ್ಮ ಬಾಗಿಲಲ್ಲಿ ಛತ್ರಿಗೆ ಅಂತಲೇ ಒಂದು ಬಕೆಟ್ ಇರುತ್ತದೆ. ನೆಲ ಒದ್ದೆಯಾದರೆ ಜೆರಾಕ್ಸ್ ಪೇಪರ್ ಥಂಡಿ ಹಿಡಿದು ಮೆಷಿನ್ನಿನೊಳಗೆ ಸಿಕ್ಕಿಕೊಳ್ಳುತ್ತದೆ. ಪೇಪರ್ ಬಂಡಲ್ಲುಗಳನ್ನು ಬಲ್ಬ್ ಹಾಕಿದ ಕಪಾಟಿನಲ್ಲಿ ಬೆಚ್ಚಗೆ ಇಡುತ್ತೇವೆ. ನೋಡಿದವರು ನಗುತ್ತಾರೆ. ತೀರ್ಥಹಳ್ಳಿಯಲ್ಲಿ ಆಗಸ್ಟ್ ತಿಂಗಳಲ್ಲಿ ಜೆರಾಕ್ಸ್ ಅಂಗಡಿ ನಡೆಸಿದವರು ಮಾತ್ರ ನಗುವುದಿಲ್ಲ.

ಅಂಗಡಿಯಲ್ಲಿ ಎರಡು ಕಂಪ್ಯೂಟರ್ ಇವೆ. ಹೊಸದರಲ್ಲಿ ವಿಂಡೋಸ್ 11. ಹಳೆಯದರಲ್ಲಿ ವಿಂಡೋಸ್ 7, ಅದಕ್ಕೆ ಇಂಟರ್ನೆಟ್ ಕೊಟ್ಟಿಲ್ಲ. ಪುಟ ವಿನ್ಯಾಸ ಮಾಡುವ ಪೇಜ್‌ಮೇಕರ್ ಮತ್ತು ಕನ್ನಡ ಟೈಪ್ ಮಾಡುವ ನುಡಿ ಇರುವುದು ಹಳೆಯದರಲ್ಲಿ. ನನ್ನ ಅನ್ನ ಇರುವುದೂ ಅದರಲ್ಲೇ. ಮದುವೆ ಪತ್ರಿಕೆ, ಉಪನಯನದ ಕರೆಯೋಲೆ, ವೈಕುಂಠ ಸಮಾರಾಧನೆಯ ಕಾರ್ಡು, ಸೊಸೈಟಿಗಳ ವಾರ್ಷಿಕ ವರದಿ, ಎಲ್ಲ ಅಲ್ಲಿಂದಲೇ ಹೊರಡಬೇಕು.

ಆ ಹಳೆಯದರ ಪರದೆ ನೋಡಿದೆ. ಎಲ್ಲ ಐಕಾನ್‌ಗಳೂ ಒಂದೇ ಮುಖ ಹೊತ್ತು ಕೂತಿದ್ದವು. ಪೇಜ್‌ಮೇಕರ್‌ಗೂ ಪಿಡಿಎಫ್ ರೀಡರಿನ ಚಿತ್ರ, ನುಡಿಗೂ ಅದೇ, ಸ್ಕ್ಯಾನರಿಗೂ ಅದೇ. ಪೇಜ್‌ಮೇಕರ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಪಿಡಿಎಫ್ ರೀಡರ್ ಎದ್ದು ಬಂದು, ಈ ಫೈಲ್ ಹಾಳಾಗಿದೆ, ತೆರೆಯಲಾಗದು ಅಂತ ಹೇಳುತ್ತಿತ್ತು. ನುಡಿ ಒತ್ತಿದರೂ ಅದೇ ಉತ್ತರ. ಯಾರನ್ನು ಕರೆದರೂ ಒಬ್ಬನೇ ಬರುವ ಮನೆಯ ಹಾಗೆ.

ಹನ್ನೊಂದು ಗಂಟೆಗೆ ಒಂದು ಸೊಸೈಟಿಯ ಕಾರ್ಯದರ್ಶಿಗಳು ಬರುವವರಿದ್ದರು. ಮಹಾಸಭೆಯ ವರದಿ ಪುಸ್ತಕ, 64 ಪುಟ. ಆಸ್ತಿ-ಜವಾಬ್ದಾರಿ ತಃಖ್ತೆಯಲ್ಲಿ ಎರಡು ಅಂಕಿ ತಿದ್ದಿ ಪ್ರೂಫ್ ಕೊಡುವುದೊಂದು ಬಾಕಿ.

"ನಿಜ ಹೇಳು, ಏನು ಮಾಡಿದೆ?"

ನಿಧಾನಕ್ಕೆ ಬಾಯಿ ಬಿಟ್ಟ. ಬೆಳಿಗ್ಗೆ ಒಬ್ಬರು ಪೆನ್ ಡ್ರೈವ್ ತಂದಿದ್ದರಂತೆ. ಅದರಲ್ಲಿ ಫೋಲ್ಡರ್ ಇತ್ತು, ಒತ್ತಿದರೆ ತೆರೆಯುತ್ತಿರಲಿಲ್ಲ. ಫೋಲ್ಡರಿನ ಮೂಲೆಯಲ್ಲಿ ಸಣ್ಣ ಬಾಣದ ಗುರುತು ಇತ್ತಂತೆ. ಇವನು ಅದೂ ಇದೂ ಒತ್ತಿ, ಯಾವುದರಲ್ಲಿ ತೆರೆಯಲಿ ಅಂತ ಕೇಳುವ ಪಟ್ಟಿ ಹೇಗೋ ತರಿಸಿಕೊಂಡು, ಪಿಡಿಎಫ್ ರೀಡರ್ ಆರಿಸಿದ್ದಾನೆ. ಕೆಳಗೆ 'ಯಾವಾಗಲೂ ಇದರಲ್ಲೇ ತೆರೆ' ಅಂತ ಒಂದು ಚೌಕ ಇರುತ್ತದಲ್ಲ, ಅದಕ್ಕೆ ಟಿಕ್ ಬಿದ್ದಿತ್ತು. ಇವನು ಸರಿ ಅಂದುಬಿಟ್ಟ.

ಬಾಣ ಅಂದ ಕೂಡಲೇ ನನಗೆ ಅರ್ಧ ಗೊತ್ತಾಯಿತು. ಅದು ಶಾರ್ಟ್‌ಕಟ್ ವೈರಸ್. ಜೆರಾಕ್ಸ್ ಅಂಗಡಿಯವರಿಗೆಲ್ಲ ಇದು ಹಳೆಯ ನೆಂಟ. ಪೆನ್ ಡ್ರೈವಿನಲ್ಲಿರುವ ನಿಜವಾದ ಫೋಲ್ಡರನ್ನು ಅಡಗಿಸಿ, ಅದೇ ಹೆಸರಿನ ಶಾರ್ಟ್‌ಕಟ್ ಒಂದನ್ನು ಅದರ ಜಾಗದಲ್ಲಿ ಕೂರಿಸುತ್ತದೆ. ಒತ್ತಿದವರ ಕಂಪ್ಯೂಟರಿಗೂ ಹಬ್ಬುತ್ತದೆ. ನಮ್ಮ ಆಂಟಿವೈರಸ್ ವೈರಸ್ಸನ್ನು ಅಳಿಸಿತ್ತು, ಶಾರ್ಟ್‌ಕಟ್ ಹಾಗೇ ಉಳಿದಿತ್ತು. ಹಾಗಾಗಿ ಒತ್ತಿದರೆ ಏನೂ ಆಗುತ್ತಿರಲಿಲ್ಲ. ಜನ ಮಾತ್ರ "ನನ್ನ ಫೈಲೆಲ್ಲ ಹೋಯ್ತು" ಅಂತ ಅಳುಮುಖ ಮಾಡಿಕೊಂಡು ಬರುತ್ತಾರೆ. ಹೋಗಿರುವುದಿಲ್ಲ. ಫೋಲ್ಡರ್ ಆಪ್ಷನ್ಸ್‌ಗೆ ಹೋಗಿ ಅಡಗಿದ ಫೈಲುಗಳನ್ನು ತೋರಿಸು ಅನ್ನಬೇಕು. ಅದರ ಕೆಳಗೇ ಸಿಸ್ಟಮ್ ಫೈಲುಗಳನ್ನು ಮರೆಮಾಡು ಅಂತ ಇನ್ನೊಂದು ಟಿಕ್ ಇರುತ್ತದೆ, ಅದನ್ನೂ ತೆಗೆಯಬೇಕು. ಈ ಎರಡನೆಯದನ್ನು ಬಹಳ ಜನ ಮರೆಯುತ್ತಾರೆ. ತೆಗೆದರೆ ಫೋಲ್ಡರ್ ಮಸುಕಾಗಿ ಅಲ್ಲೇ ಕೂತಿರುತ್ತದೆ.

ಇನ್ನರ್ಧ ಅರ್ಥವಾಗಲು, ಹೆಸರಿನ ಬಾಲದ ವಿಷಯ ಹೇಳಬೇಕು.

ಸಾಮಾನ್ಯವಾಗಿ ಪ್ರತಿ ಫೈಲಿನ ಹೆಸರಿಗೂ ಚುಕ್ಕಿ ಹಾಕಿ ಒಂದು ಬಾಲ ಇರುತ್ತದೆ. ಪಿಡಿಎಫ್, ಜೆಪಿಜಿ, ಟಿಎಕ್ಸ್‌ಟಿ ಹೀಗೆ. ಎಕ್ಸ್‌ಟೆನ್ಷನ್ ಅನ್ನುತ್ತಾರೆ. ಡೆಸ್ಕ್‌ಟಾಪಿನಲ್ಲಿ ನಾವು ಪೇಜ್‌ಮೇಕರ್ ಅಂದುಕೊಂಡು ಒತ್ತುವುದು ಪೇಜ್‌ಮೇಕರನ್ನೇ ಅಲ್ಲ. ಅದು ಎಲ್‌ಎನ್‌ಕೆ ಅನ್ನುವ ಬಾಲದ ಒಂದು ಪುಟ್ಟ ಫೈಲು, ಪೇಜ್‌ಮೇಕರ್ ಎಲ್ಲಿದೆ ಅಂತ ದಾರಿ ತೋರಿಸುವಂಥದ್ದು. ಲಿಂಕ್ ಅನ್ನುವ ಪದದಲ್ಲಿ ಐ ತೆಗೆದರೆ ಸಿಗುವ ಮೂರಕ್ಷರ. ಈ ಬಾಲವನ್ನು ವಿಂಡೋಸ್ ನಮಗೆ ತೋರಿಸುವುದೇ ಇಲ್ಲ, ಉಳಿದ ಬಾಲಗಳನ್ನು ತೋರಿಸು ಅಂದರೂ ಇದನ್ನು ತೋರಿಸುವುದಿಲ್ಲ. ನಮ್ಮ ಹುಡುಗ ಒಂದು ಟಿಕ್ಕಿನಲ್ಲಿ, ಎಲ್‌ಎನ್‌ಕೆ ಬಾಲದ ಫೈಲುಗಳೆಲ್ಲ ಇನ್ನು ಮೇಲೆ ಪಿಡಿಎಫ್ ರೀಡರಿಗೆ ಹೋಗಲಿ ಅಂತ ಅಪ್ಪಣೆ ಕೊಟ್ಟಿದ್ದ. ಡೆಸ್ಕ್‌ಟಾಪ್ ಮಾತ್ರ ಅಲ್ಲ, ಸ್ಟಾರ್ಟ್ ಮೆನುವಿನ ಐಕಾನ್‌ಗಳೂ ಎಲ್‌ಎನ್‌ಕೆಗಳೇ. ಹಾಗಾಗಿ ಮುಂದಿನ ಬಾಗಿಲು, ಹಿತ್ತಿಲ ಬಾಗಿಲು ಎರಡೂ ಬಂದ್.

ನಮ್ಮಪ್ಪ ಶಿವಮೊಗ್ಗದ ಅಡಿಕೆ ಮಂಡಿಯೊಂದರಲ್ಲಿ ಬಹಳ ವರ್ಷ ಗುಮಾಸ್ತರಾಗಿದ್ದರು. ಈಗ ಮನೆಯಲ್ಲಿದ್ದಾರೆ. ಸಂಜೆ ನಾನು ಈ ಕಥೆ ಹೇಳಿದಾಗ ಕವಳ ಹಾಕಿಕೊಂಡೇ ಕೇಳಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ. "ಅದು ಚೀಲಕ್ಕೆ ಕೈ ಹಾಕಿ ನೋಡೂದಿಲ್ವಾ?"

ಮಂಡಿಗೆ ಚೀಲ ಬರುತ್ತದೆ. ಮೇಲೆ ಚೀಟಿ ಇರುತ್ತದೆ. ಸರಕು ಅಂತ ಬರೆದಿರಬಹುದು, ಬೆಟ್ಟೆ, ರಾಶಿ, ಗೊರಬಲು ಅಂತ ಬರೆದಿರಬಹುದು, ಎಲ್ಲ ಅಡಿಕೆಯ ದರ್ಜೆಗಳು. ಸರಕಿಗೂ ಗೊರಬಲಿಗೂ ದರದಲ್ಲಿ ಅಜಗಜಾಂತರ. ಬರೀ ಚೀಟಿ ನೋಡಿ ಯಾವ ವ್ಯಾಪಾರಿಯೂ ದರ ಬರೆಯುವುದಿಲ್ಲ. ಚೀಲ ಬಿಚ್ಚಿ, ಒಂದು ಹಿಡಿ ತೆಗೆದು, ಬಣ್ಣ ನೋಡಿ, ಒಂದೆರಡು ಕತ್ತರಿಸಿ ಆಮೇಲೆ ಮಾತು. ಡಬಲ್ ಕ್ಲಿಕ್ ಮಾಡಿದಾಗ ವಿಂಡೋಸ್ ಅಷ್ಟೆಲ್ಲ ಮಾಡುವುದಿಲ್ಲ. ಚೀಟಿ ಓದುತ್ತದೆ, ಪುಸ್ತಕ ತೆಗೆಯುತ್ತದೆ, ಈ ಚೀಟಿಯ ಚೀಲ ಯಾರ ಮಂಡಿಗೆ ಅಂತ ನೋಡಿ ಎತ್ತಿ ಕಳಿಸುತ್ತದೆ. ಒಳಗೆ ಅಡಿಕೆಯೋ ಆಲೂಗಡ್ಡೆಯೋ, ಇಳಿಸಿಕೊಂಡವರು ನೋಡಿಕೊಳ್ಳಬೇಕು.

ಆ ಪುಸ್ತಕದ ಹೆಸರು ರಿಜಿಸ್ಟ್ರಿ. ಯಾವ ಬಾಲ ಯಾವ ತಂತ್ರಾಂಶಕ್ಕೆ ಅನ್ನುವ ಲೆಕ್ಕಕ್ಕೆ ಅಸೋಸಿಯೇಷನ್ ಅನ್ನುತ್ತಾರೆ. ಅದರಲ್ಲಿ ಈ ಲೆಕ್ಕ ಎರಡು ಹಂತದಲ್ಲಿ ಇರುತ್ತದೆ. ಮೊದಲು ಬಾಲದ ಎದುರು ಒಂದು ಜಾತಿಯ ಹೆಸರು. ಟಿಎಕ್ಸ್‌ಟಿ ಎದುರು 'ಟಿಎಕ್ಸ್‌ಟಿ ಫೈಲ್' ಅಂತ ಬರೆದಿರುತ್ತದೆ. ಆಮೇಲೆ ಆ ಜಾತಿಯ ಎದುರು, ಇದನ್ನು ತೆರೆಯಲು ಈ ತಂತ್ರಾಂಶ ಓಡಿಸು ಅನ್ನುವ ಆಜ್ಞೆ. ಬಾಲದ ಎದುರಿನ ಸಾಲು ಅಳಿಸಿಹೋದರೆ, ಯಾವುದರಲ್ಲಿ ತೆರೆಯಲಿ ಅಂತ ಕಂಪ್ಯೂಟರ್ ಕೇಳುತ್ತದೆ. ಆಜ್ಞೆಯ ಸಾಲಿನಲ್ಲಿ ಇರುವ ತಂತ್ರಾಂಶವನ್ನೇ ನಾವು ತೆಗೆದುಹಾಕಿದ್ದರೆ, ಮನೆ ಬದಲಿಸಿದವರ ಹಳೇ ವಿಳಾಸಕ್ಕೆ ಕಾಗದ ಹಾಕಿದ ಹಾಗೆ. ಇದರ ಜೊತೆಗೆ ಪುಸ್ತಕವೂ ಎರಡು. ಒಂದು ಇಡೀ ಕಂಪ್ಯೂಟರಿನದು, ಇನ್ನೊಂದು ಆ ಬಳಕೆದಾರರದು. ಎರಡರಲ್ಲೂ ಬರೆದಿದ್ದರೆ ನಡೆಯುವುದು ಬಳಕೆದಾರರ ಮಾತು. 'ಯಾವಾಗಲೂ' ಅಂತ ಟಿಕ್ ಹಾಕಿದಾಗ ಬರೆಯುವುದು ಈ ಎರಡನೆಯದರಲ್ಲಿ, 'ಯೂಸರ್ ಚಾಯ್ಸ್' ಅನ್ನುವ ಹೆಸರಿನ ಕೆಳಗೆ.

ಇದು ತಿಳಿಯದೆ ಹಿಂದೊಮ್ಮೆ ನಾನು ಒಂದು ಮಧ್ಯಾಹ್ನ ಪೂರ್ತಿ ಹಾಳು ಮಾಡಿಕೊಂಡಿದ್ದೆ. ಕಪ್ಪು ಪರದೆಯ ಕಮಾಂಡ್ ಪ್ರಾಂಪ್ಟ್ ಇದೆಯಲ್ಲ, ಅದರಲ್ಲಿ ಅಸೋಸಿಯೇಷನ್ ಅನ್ನುವ ಇಂಗ್ಲಿಷ್ ಪದದ ಮೊದಲ ಐದು ಅಕ್ಷರ ಒತ್ತಿ, ಪಕ್ಕದಲ್ಲಿ ಚುಕ್ಕಿ ಮತ್ತು ಬಾಲ ಬರೆದರೆ, ಅದರ ಜಾತಿ ಯಾವುದು ಅಂತ ತೋರಿಸುತ್ತದೆ. ಎಫ್ ಮತ್ತು ಟೈಪ್ ಸೇರಿಸಿ ಬರೆದು ಆ ಜಾತಿಯ ಹೆಸರು ಕೊಟ್ಟರೆ ಆಜ್ಞೆಯನ್ನು ತೋರಿಸುತ್ತದೆ. ಎರಡೂ ಸರಿಯಾಗೇ ತೋರಿಸುತ್ತಿದ್ದವು. ಡಬಲ್ ಕ್ಲಿಕ್ ಮಾಡಿದರೆ ಮಾತ್ರ ಬೇರೆಯೇ ತಂತ್ರಾಂಶ ಬರುತ್ತಿತ್ತು. ಆ ಎರಡು ಆಜ್ಞೆಗಳು ಯೂಸರ್ ಚಾಯ್ಸ್ ಕಡೆ ತಲೆಯೇ ಹಾಕುವುದಿಲ್ಲ ಅಂತ ಆಮೇಲೆ ಗೊತ್ತಾಯಿತು. ಪಟೇಲರ ಪುಸ್ತಕ ನೋಡುತ್ತಾ ಕೂತಿದ್ದೆ, ವ್ಯಾಜ್ಯ ಇದ್ದದ್ದು ಮನೆಯವರ ಕಾಗದದಲ್ಲಿ.

ಸರಿ, ಆವತ್ತಿನ ಬೆಳಿಗ್ಗೆಗೆ ಬರುತ್ತೇನೆ. ಐಕಾನ್ ಯಾವುದೂ ಕೆಲಸಕ್ಕೆ ಬಾರದು. ಆದರೆ ವಿಂಡೋಸ್ ಗುಂಡಿ ಮತ್ತು ಆರ್ ಒಟ್ಟಿಗೆ ಒತ್ತಿದರೆ ರನ್ ಅನ್ನುವ ಸಣ್ಣ ಪೆಟ್ಟಿಗೆ ಬರುತ್ತದೆ. ಅಲ್ಲಿ ತಂತ್ರಾಂಶದ ಹೆಸರನ್ನು ನೇರವಾಗಿ ಬರೆಯಬಹುದು, ಶಾರ್ಟ್‌ಕಟ್ಟಿನ ಹಂಗಿಲ್ಲ. ರೆಜ್‌ಎಡಿಟ್ ಅಂತ ಬರೆದೆ, ರಿಜಿಸ್ಟ್ರಿ ತೆರೆಯಿತು. ಎಚ್‌ಕೀ ಕರೆಂಟ್ ಯೂಸರ್, ಅದರೊಳಗೆ ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್, ಕರೆಂಟ್ ವರ್ಷನ್, ಎಕ್ಸ್‌ಪ್ಲೋರರ್, ಫೈಲ್‌ಎಕ್ಸ್‌ಟ್ಸ್. ಅಲ್ಲಿ ಎಲ್ಲ ಬಾಲಗಳೂ ಸಾಲಾಗಿ ನಿಂತಿರುತ್ತವೆ. ಚುಕ್ಕಿ ಎಲ್‌ಎನ್‌ಕೆ ಹುಡುಕಿ ಬಿಚ್ಚಿದರೆ ಒಳಗೆ ಯೂಸರ್ ಚಾಯ್ಸ್. ಪಿಡಿಎಫ್ ರೀಡರಿನ ಹೆಸರು ಅಲ್ಲೇ ಇತ್ತು.

ಅಳಿಸುವ ಮೊದಲು ಆ ಚುಕ್ಕಿ ಎಲ್‌ಎನ್‌ಕೆ ಮೇಲೆ ರೈಟ್ ಕ್ಲಿಕ್ ಮಾಡಿ ಎಕ್ಸ್‌ಪೋರ್ಟ್ ಕೊಟ್ಟು ಒಂದು ಪ್ರತಿ ತೆಗೆದಿಟ್ಟೆ. ರಿಜಿಸ್ಟ್ರಿಯಲ್ಲಿ 'ಅಯ್ಯೋ' ಅಂದರೆ ಹಿಂದಕ್ಕೆ ಹೋಗುವ ಗುಂಡಿ ಇಲ್ಲ. ಆಮೇಲೆ ಯೂಸರ್ ಚಾಯ್ಸ್ ಒಂದನ್ನೇ ಅಳಿಸಿದೆ. ಕಂಪ್ಯೂಟರ್ ಆರಿಸಿ ಹಾಕಿದೆ. ಐಕಾನ್‌ಗಳು ಒಂದೊಂದೇ ತಮ್ಮ ತಮ್ಮ ಮುಖಕ್ಕೆ ಮರಳಿದವು. ನಮ್ಮ ಹುಡುಗ ಮಂಗಳಾರತಿ ನೋಡುವವನ ಹಾಗೆ ಕೈ ಕಟ್ಟಿ ನಿಂತಿದ್ದ. ಒಟ್ಟು ಹತ್ತು ನಿಮಿಷದ ಕೆಲಸ. ಕಾರ್ಯದರ್ಶಿಗಳು ಬಂದಿದ್ದು ಹನ್ನೆರಡೂವರೆಗೆ. ಅವರ ಬಸ್ಸು ಕೆಟ್ಟಿತ್ತಂತೆ.

ಇದಕ್ಕಿಂತ ದೊಡ್ಡ ಎಡವಟ್ಟು ಇಎಕ್ಸ್‌ಇ ಬಾಲದ್ದು. ತಂತ್ರಾಂಶಗಳ ಬಾಲವೇ ಇಎಕ್ಸ್‌ಇ. ಅದರ ಸಾಲು ಕೆಟ್ಟರೆ ರೆಜ್‌ಎಡಿಟ್ ಕೂಡ ತೆರೆಯುವುದಿಲ್ಲ, ಅದೂ ಇಎಕ್ಸ್‌ಇಯೇ ತಾನೇ? ಬೀಗದ ಕೈಯನ್ನು ಪೆಟ್ಟಿಗೆಯೊಳಗೆ ಇಟ್ಟು ಪೆಟ್ಟಿಗೆ ಮುಚ್ಚಿದ ಹಾಗೆ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ವೈರಸ್ಸುಗಳು ಬೇಕಂತಲೇ ಹೀಗೆ ಮಾಡುತ್ತಿದ್ದವು. ಆಗ ಒಂದು ಉಪಾಯ ಇತ್ತು. ರೆಜ್‌ಎಡಿಟ್‌ನ ಇನ್ನೊಂದು ಪ್ರತಿ ಮಾಡಿ, ಅದರ ಬಾಲವನ್ನು ಇಎಕ್ಸ್‌ಇ ಬದಲು ಕಾಮ್ ಅಂತ ಮಾಡುವುದು. ಒತ್ತಿದರೆ ಓಡುತ್ತಿತ್ತು! ನನಗೆ ಇದು ಮೊದಲು ಮಾಟದ ಹಾಗೆ ಕಂಡಿತ್ತು. ಕಾರಣ ಸರಳ. ಬಾಗಿಲಲ್ಲಿ ನಿಂತವನು ಬಾಲ ನೋಡುತ್ತಾನೆ, ಕಾಮ್ ಕೂಡ ತಂತ್ರಾಂಶದ್ದೇ ಬಾಲ, ಅದರ ಸಾಲು ಕೆಟ್ಟಿಲ್ಲ, ಹಾಗಾಗಿ ಒಳಗೆ ಬಿಡುತ್ತಾನೆ. ಒಳಗೆ ತಂತ್ರಾಂಶವನ್ನು ಓಡಿಸುವ ಭಾಗ ಇದೆಯಲ್ಲ, ಅದು ಬಾಲಕ್ಕೆ ಬೆಲೆ ಕೊಡುವುದಿಲ್ಲ. ಅದು ಚೀಲಕ್ಕೆ ಕೈ ಹಾಕಿಯೇ ನೋಡುತ್ತದೆ. ಅಪ್ಪನಿಗೆ ಇದನ್ನು ಹೇಳಿದಾಗ ಸಮಾಧಾನವಾಯಿತು. "ಹಾಂ, ಒಬ್ಬನಾದ್ರೂ ಕೆಲಸ ಗೊತ್ತಿರೋನು ಇದಾನೆ" ಅಂದರು.

ಕೈ ಹಾಕಿದರೆ ಏನು ಸಿಗುತ್ತದೆ ಅಂತ ನೀವೂ ನೋಡಬಹುದು. ಯಾವುದಾದರೂ ಫೈಲಿನ ಒಂದು ಪ್ರತಿ ಮಾಡಿ, ಆ ಪ್ರತಿಯನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿರಿ. ಪರದೆ ತುಂಬ ಕಸ ಕಾಣುತ್ತದೆ. ಅದನ್ನು ಬಿಡಿ, ಮೊದಲ ಕೆಲವು ಅಕ್ಷರ ಮಾತ್ರ ನೋಡಿ. ಪಿಡಿಎಫ್ ಆದರೆ ಶೇಕಡಾ ಚಿಹ್ನೆ, ಅದರ ಪಕ್ಕದಲ್ಲೇ ಪಿಡಿಎಫ್ ಅನ್ನುವ ಮೂರಕ್ಷರ ಇಂಗ್ಲಿಷಿನಲ್ಲಿ. ಜೆಪಿಜಿ ಫೋಟೋ ಆದರೆ ಮೊದಲ ಸಾಲಿನಲ್ಲೇ ಸಾಮಾನ್ಯವಾಗಿ ಜೆಎಫ್ಐಎಫ್ ಅಂತಲೋ ಎಕ್ಸಿಫ್ ಅಂತಲೋ ಕಾಣುತ್ತದೆ. ತಂತ್ರಾಂಶವಾದರೆ ಎಂ ಮತ್ತು ಝಡ್. ಅದು ಮಾರ್ಕ್ ಝ್ಬಿಕೋವ್ಸ್ಕಿ ಅನ್ನುವವರ ಹೆಸರಿನ ಮೊದಲಕ್ಷರಗಳು, ವಿಂಡೋಸಿಗೂ ಹಿಂದಿನ ಡಾಸ್ ಕಾಲದಲ್ಲಿ ಮೈಕ್ರೋಸಾಫ್ಟ್‌ನಲ್ಲಿದ್ದ ಎಂಜಿನಿಯರ್. ಝಿಪ್ ಆದರೆ ಪಿ ಮತ್ತು ಕೆ. ಅದು ಫಿಲ್ ಕಾಟ್ಜ್, 1989ರಲ್ಲಿ ಝಿಪ್ ತಂದವರು. ನಮ್ಮ ಕಡೆ ಹಿತ್ತಾಳೆ ಪಾತ್ರೆಯ ಮೇಲೆ ಮನೆ ಯಜಮಾನರ ಹೆಸರಿನ ಮೊದಲಕ್ಷರ ಕೊರೆಸಿರುತ್ತಾರಲ್ಲ, ಹಾಗೆ. ಊಟ ಯಾರ ಮನೆಯಲ್ಲಿ ನಡೆದರೂ ಪಾತ್ರೆ ಯಾರದ್ದು ಅಂತ ಗೊತ್ತಾಗುತ್ತದೆ.

ವರ್ಡ್‌ನ ಡಾಕ್ಸ್ ಫೈಲನ್ನು ಹೀಗೆ ತೆರೆದರೆ ಅಲ್ಲೂ ಪಿಕೆ ಇರುತ್ತದೆ. ನಾನು ಮೊದಲ ಸಲ ನೋಡಿದಾಗ ವೈರಸ್ ಅಂದುಕೊಂಡಿದ್ದೆ. 2007ರ ಆಫೀಸಿನಿಂದ ಈಚೆಗೆ ಬಂದ ಡಾಕ್ಸ್ ಅಂದರೆ ಒಂದು ಝಿಪ್ ಗಂಟೇ ಅಂತೆ. ಬಾಲವನ್ನು ಝಿಪ್ ಅಂತ ಬದಲಿಸಿ ಬಿಚ್ಚಿದರೆ ಒಳಗಿನ ಫೋಟೋಗಳು ಬೇರೆಯಾಗಿ ಸಿಗುತ್ತವೆ. ಗಿರಾಕಿಗಳು ವರ್ಡ್ ಫೈಲಿನಲ್ಲಿ ಫೋಟೋ ಅಂಟಿಸಿ ತಂದಾಗ ನಾನು ಈಗ ಹೀಗೇ ತೆಗೆಯುವುದು.

ಈ ವಿದ್ಯೆ ಜಾಸ್ತಿ ಉಪಯೋಗಕ್ಕೆ ಬರುವುದು ಮೊಬೈಲಿನಿಂದ ಬರುವ ಫೈಲುಗಳಿಗೆ. ಒಬ್ಬರು ಅಜ್ಜ ಬಂದಿದ್ದರು, ಆಗುಂಬೆ ಕಡೆಯವರು. ಮಗ ಬೆಂಗಳೂರಿನಿಂದ ಪಹಣಿ ಕಳಿಸಿದ್ದಾನೆ, ಪ್ರಿಂಟ್ ಬೇಕು. ಅವರು ಆಗಲೇ ಇನ್ನೊಂದು ಕಡೆ ಹೋಗಿ ಬಂದಿದ್ದರು, ಅಲ್ಲಿ ಫೈಲ್ ಹಾಳಾಗಿದೆ ಅಂದಿದ್ದರಂತೆ. ನೋಡಿದರೆ ಹೆಸರು ಇತ್ತು, ಕೊನೆಯಲ್ಲಿ ಚುಕ್ಕಿ ಇತ್ತು, ಬಾಲ ಇರಲಿಲ್ಲ. ವಾಟ್ಸ್ಆ್ಯಪ್‌ನಿಂದ ಬಂದ ಫೈಲುಗಳಲ್ಲಿ ಹೀಗೆ ನೋಡಿದ್ದೇನೆ. ನೋಟ್‌ಪ್ಯಾಡಿನಲ್ಲಿ ತೆರೆದೆ, ಶೇಕಡಾ ಪಿಡಿಎಫ್ ಅಂತ ಇತ್ತು. ಚುಕ್ಕಿಯ ಮುಂದೆ ಮೂರಕ್ಷರ ಸೇರಿಸಿದೆ. ಪಹಣಿ ಪ್ರಿಂಟಾಗಿ ಬಂತು.

"ಏನು ಮಾಡಿದ್ಯಮ್ಮ?"

"ಏನಿಲ್ಲ ಅಜ್ಜಾ, ಹೆಸರು ಪೂರ್ತಿ ಬರೆದೆ."

"ಅಷ್ಟಕ್ಕೆ ಆ ಅಂಗಡಿ ಹುಡುಗ ನಾಳೆ ಬಾ ಅಂದನಲ್ಲೇ!"

ಹೀಗಂತ ಹೆಸರು ಬದಲಿಸಿದರೆ ಎಲ್ಲವೂ ಬದಲಾಗುತ್ತದೆ ಅಂದುಕೊಳ್ಳಬೇಡಿ. ಅರ್ಜಿ ಹಾಕಲು ಪಿಡಿಎಫ್ ಕೇಳಿದ್ದಾರೆ ಅಂತ ಕಾಲೇಜು ಮಕ್ಕಳು ಡಾಕ್ಸ್ ಬಾಲ ಅಳಿಸಿ ಪಿಡಿಎಫ್ ಅಂತ ಬರೆದುಕೊಂಡು ಬರುತ್ತಾರೆ. ಗೊರಬಲಿನ ಚೀಲಕ್ಕೆ ಸರಕು ಅಂತ ಚೀಟಿ ಕಟ್ಟಿದ ಹಾಗೆ. ಬಾಲ ಬಿಟ್ಟುಹೋಗಿದ್ದರೆ ಸೇರಿಸಬಹುದು, ತಪ್ಪಿದ್ದರೆ ತಿದ್ದಬಹುದು. ಒಂದು ಜಾತಿಯನ್ನು ಇನ್ನೊಂದು ಮಾಡಲು ಆಯಾ ತಂತ್ರಾಂಶದಲ್ಲಿ ತೆರೆದು 'ಸೇವ್ ಆ್ಯಸ್' ಕೊಡಲೇಬೇಕು.

ಇನ್ನೊಂದು ಗೊಂದಲ ನಮ್ಮ ಕನ್ನಡದವರಿಗೇ ಮೀಸಲು. ಫೈಲ್ ಸರಿಯಾದ ತಂತ್ರಾಂಶದಲ್ಲೇ ತೆರೆಯುತ್ತದೆ, ಆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳಿಗೆ ಕೊಂಬು, ಬಾಲ ಬಂದಂತೆ ಏನೇನೋ ಕಾಣುತ್ತದೆ. ಇದಕ್ಕೂ ಅಸೋಸಿಯೇಷನ್ನಿಗೂ ಸಂಬಂಧ ಇಲ್ಲ. ಅದು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದು, ಈ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ, ಅಷ್ಟೇ. ಫಾಂಟ್ ಹಾಕಿದರೆ ಓದಬಹುದು. ಯಾವಾಗಲೂ ಓದಬೇಕು ಅಂದರೆ ಎಲ್ಲ ಕಡೆ ಓದಲು ಬರುವ ಯುನಿಕೋಡಿಗೆ ಪರಿವರ್ತಿಸಬೇಕು. ಎರಡು ಕಾಯಿಲೆಗೂ ಗಿರಾಕಿಗಳು ಹೇಳುವ ಹೆಸರು ಒಂದೇ: "ಓಪನ್ ಆಗ್ತಾ ಇಲ್ಲ."

ನಾನು ಹೆದರುವುದು ಮಾತ್ರ ಒಂದಕ್ಕೆ. ತಪ್ಪು ತಂತ್ರಾಂಶದಲ್ಲಿ ತೆರೆದರೆ ಫೈಲಿಗೆ ಏನೂ ಆಗುವುದಿಲ್ಲ. ತೆರೆದದ್ದನ್ನು ಸೇವ್ ಮಾಡಿದರೆ ಕೆಟ್ಟಿತು. ಅಂಗಡಿ ಶುರು ಮಾಡಿದ ಹೊಸದರಲ್ಲಿ ಒಂದು ಮದುವೆ ಪತ್ರಿಕೆಯ ಪೇಜ್‌ಮೇಕರ್ ಫೈಲನ್ನು ನೋಟ್‌ಪ್ಯಾಡಿನಲ್ಲಿ ತೆರೆದು, ಕಸ ಕಂಡು ಗಾಬರಿಯಾಗಿ ಮುಚ್ಚಲು ಹೋದೆ. ಎಲ್ಲೋ ಒಂದು ಗುಂಡಿ ತಾಗಿತ್ತೇನೋ, ಬದಲಾವಣೆ ಉಳಿಸಲೇ ಅಂತ ಕೇಳಿತು. ಹೌದು ಅಂದೆ. ಮತ್ತೆ ಆ ಫೈಲ್ ಪೇಜ್‌ಮೇಕರಿನಲ್ಲಿ ತೆರೆಯಲಿಲ್ಲ. ರಾತ್ರಿ ಒಂದು ಗಂಟೆಯವರೆಗೆ ಕೂತು ಎರಡು ಮನೆತನದ ಅಜ್ಜಿ ತಾತಂದಿರ ಹೆಸರನ್ನೆಲ್ಲ ಮತ್ತೆ ಟೈಪ್ ಮಾಡಿದ್ದೇನೆ. ಅವಸರದಲ್ಲಿ ಒಂದು ಹೆಸರೇ ಬಿಟ್ಟುಹೋಗಿತ್ತು. ಅದು ಹುಡುಗನ ಸೋದರಮಾವನ ಹೆಸರು! ಮದುವೆಗೆ ಅವರು ಬಂದರೋ ಇಲ್ಲವೋ ಕೇಳುವ ಧೈರ್ಯ ನನಗೆ ಈವರೆಗೂ ಬಂದಿಲ್ಲ.

ಹೊಸ ಕಂಪ್ಯೂಟರಿನ ವಿಷಯ ಸ್ವಲ್ಪ ಬೇರೆ. ವಿಂಡೋಸ್ 8ರಿಂದ ಈಚೆಗೆ ಯೂಸರ್ ಚಾಯ್ಸ್ ಪಕ್ಕದಲ್ಲಿ ಹ್ಯಾಶ್ ಅನ್ನುವ ಒಂದು ಗುರುತು ಬರೆದಿಡುತ್ತಾರೆ, ಅರಗಿನ ಮುದ್ರೆ ಒತ್ತಿದ ಹಾಗೆ. ಬೇರೆ ಯಾವುದೋ ತಂತ್ರಾಂಶ ಕದ್ದು ಒಳಗೆ ಹೋಗಿ ತನ್ನ ಹೆಸರು ಬರೆದರೆ ಮುದ್ರೆ ತಾಳೆಯಾಗುವುದಿಲ್ಲ. ಆಗ ವಿಂಡೋಸ್ ಆ ಆಯ್ಕೆಯನ್ನು ಒಪ್ಪುವುದಿಲ್ಲ. ಇದನ್ನು ನಾನು ಒಳ್ಳೆಯದು ಅಂತಲೇ ಹೇಳುತ್ತೇನೆ. ಮೊದಲು ಪುಕ್ಕಟೆ ತಂತ್ರಾಂಶ ಹಾಕಿಕೊಂಡರೆ ಸಾಕು, ಪಿಡಿಎಫ್, ಫೋಟೋ, ಹಾಡು ಎಲ್ಲ ತನ್ನದೇ ಅಂತ ಬೇಲಿ ಹಾಕುತ್ತಿದ್ದವು. ಈಗ ಬದಲಿಸಬೇಕು ಅಂದರೆ ನಾವೇ ಸೆಟ್ಟಿಂಗ್ಸ್, ಆ್ಯಪ್ಸ್, ಡಿಫಾಲ್ಟ್ ಆ್ಯಪ್ಸ್ ಅಂತ ಹೋಗಿ, ಮೇಲಿನ ಖಾಲಿ ಜಾಗದಲ್ಲಿ ಬಾಲ ಬರೆದು ಆರಿಸಬೇಕು. ಇಲ್ಲದಿದ್ದರೆ ಫೈಲಿನ ಮೇಲೆ ರೈಟ್ ಕ್ಲಿಕ್, ಪ್ರಾಪರ್ಟೀಸ್, ಚೇಂಜ್. ರಿಜಿಸ್ಟ್ರಿಗೆ ಇಳಿಯುವ ಅಗತ್ಯ ಅಪರೂಪ. ಮಗ ಶಿವಮೊಗ್ಗದಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾನೆ, ಅವನ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಬದಲು ಲಿನಕ್ಸ್. ಅಲ್ಲಿ ಫೈಲ್ ಅಂತಲೇ ಒಂದು ಆಜ್ಞೆ ಇದೆ, ಚೀಲಕ್ಕೆ ಕೈ ಹಾಕಿ ಇದು ಇಂಥದ್ದು ಅಂತ ಹೇಳುತ್ತದೆ. ರಿಜಿಸ್ಟ್ರಿ ಇಲ್ಲ, ಯಾವುದನ್ನು ಯಾವುದರಲ್ಲಿ ತೆರೆಯಬೇಕು ಅನ್ನುವ ನಮ್ಮ ಆಯ್ಕೆ ಓದಲು ಬರುವಂಥ ಒಂದು ಸಾದಾ ಫೈಲಿನಲ್ಲಿರುತ್ತದೆ. ತೋರಿಸಿ ಜಂಬ ಕೊಚ್ಚಿದ. ಪೇಜ್‌ಮೇಕರ್ ಓಡಿಸಿ ತೋರಿಸು ಅಂದೆ, ಸುಮ್ಮನಾದ.

ಒಂದು ಸಣ್ಣ ವಿಷಯ ಬಿಟ್ಟೆ. ಆಜ್ಞೆಯ ಸಾಲಿನ ಕೊನೆಯಲ್ಲಿ "%1" ಅಂತ ಇರುತ್ತದೆ. ನಾವು ಒತ್ತಿದ ಫೈಲಿನ ಹೆಸರು ಬಂದು ಕೂರುವ ಜಾಗ ಅದು. ಅದರ ಎರಡೂ ಕಡೆ ಉದ್ಧರಣ ಚಿಹ್ನೆ ಇರಲೇಬೇಕು. ನನ್ನ ತಮ್ಮ ಒಂದು ಹಳೆಯ ತಂತ್ರಾಂಶಕ್ಕೆ ಕೈಯಾರೆ ಸಾಲು ಬರೆದುಕೊಟ್ಟಿದ್ದ, ಚಿಹ್ನೆ ಹಾಕಿರಲಿಲ್ಲ. ಕೆಲವು ಫೈಲುಗಳು ತೆರೆಯುತ್ತಿದ್ದವು, ಕೆಲವು ಇಲ್ಲ. ತಿಂಗಳುಗಟ್ಟಲೆ ಒದ್ದಾಡಿದೆ. ಕೊನೆಗೆ ನೋಡಿದರೆ, ಹೆಸರಿನಲ್ಲಿ ಜಾಗ ಬಿಟ್ಟು ಬರೆದ ಫೈಲುಗಳು ಮಾತ್ರ ಮುಷ್ಕರ ಹೂಡಿದ್ದವು. 'ಮ್ಯಾರೇಜ್ ಕಾರ್ಡ್' ಅಂತ ಇದ್ದರೆ, ಮ್ಯಾರೇಜ್ ಅನ್ನುವ ಫೈಲು ಒಂದು, ಕಾರ್ಡ್ ಅನ್ನುವ ಫೈಲು ಇನ್ನೊಂದು ಅಂತ ಹುಡುಕುತ್ತಿತ್ತು. ಆ ಎರಡು ಚಿಹ್ನೆ ಹಾಕಿದೆ, ಸರಿಹೋಯಿತು. ತಮ್ಮನಿಗೆ ಫೋನ್ ಮಾಡಿ ಹೇಳಿದರೆ, "ಅಷ್ಟೇನಾ?" ಅಂದ.

ಮತ್ತೆ, ಬಾಲ ಕಾಣುವ ಹಾಗೆ ಮಾಡಿಕೊಳ್ಳಿ. ಗೊತ್ತಿರುವ ಬಾಲಗಳನ್ನು ವಿಂಡೋಸ್ ಮುಚ್ಚಿಡುತ್ತದೆ, ನಾವು ಕೇಳಿದರೆ ಮಾತ್ರ ತೋರಿಸುತ್ತದೆ. ಹೊಸ ವಿಂಡೋಸಿನಲ್ಲಿ ಫೋಲ್ಡರಿನ ಮೇಲಿರುವ ವ್ಯೂ ಮೆನುವಿನಲ್ಲಿ 'ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್' ಅಂತ ಇದೆ. ಮುಚ್ಚಿದ್ದರೆ 'ಬಿಲ್ ಡಾಟ್ ಪಿಡಿಎಫ್ ಡಾಟ್ ಇಎಕ್ಸ್‌ಇ' ಅನ್ನುವ ಕಳ್ಳ ನಿಮ್ಮ ಕಣ್ಣಿಗೆ 'ಬಿಲ್ ಡಾಟ್ ಪಿಡಿಎಫ್' ಆಗಿಯೇ ಕಾಣುತ್ತಾನೆ, ಜೊತೆಗೆ ಪಿಡಿಎಫ್ ಚಿತ್ರವನ್ನೂ ಅಂಟಿಸಿಕೊಂಡಿರುತ್ತಾನೆ. ನಮ್ಮ ಎರಡೂ ಕಂಪ್ಯೂಟರಿನಲ್ಲಿ ಬಾಲ ಬಯಲಲ್ಲೇ ಇದೆ.

ಇಷ್ಟೆಲ್ಲ ಬರೆಯಲು ಕಾರಣ, ಈಗ ನಾನು ಮಾಡುತ್ತಿರುವ ಇನ್ನೊಂದು ಕೆಲಸ. ಪೇಜ್‌ಮೇಕರ್ 1985ರಲ್ಲಿ ಆಲ್ಡಸ್ ಕಂಪನಿ ತಂದದ್ದು, 1994ರಲ್ಲಿ ಅಡೋಬಿಗೆ ಹೋಯಿತು, 2001ರ 7.0 ಕೊನೆಯ ದೊಡ್ಡ ಆವೃತ್ತಿ. ಅದರ ಫೈಲುಗಳ ಬಾಲ ಪಿಎಂಡಿ. ಅದಕ್ಕಿಂತ ಹಿಂದಿನ 6.5ರದ್ದು ಪಿ65. ಅಡೋಬಿಯದೇ ಇನ್ನೊಂದು ಪುಟ ವಿನ್ಯಾಸದ ತಂತ್ರಾಂಶ ಇನ್‌ಡಿಸೈನ್ ಕೂಡ ಇವನ್ನು ಸಿಎಸ್6 ಆವೃತ್ತಿಯವರೆಗೆ ಮಾತ್ರ ತೆರೆಯುತ್ತಿತ್ತು. ನನ್ನ ಬಳಿ ಎರಡು ಡಬ್ಬಿ ತುಂಬ ಸಿಡಿಗಳಿವೆ. ಒಳಗಿನದ್ದು ಬಹುಪಾಲು ಪಿ65. ಹೊಸ ಕಂಪ್ಯೂಟರಿನಲ್ಲಿ ಒತ್ತಿದರೆ ಯಾವುದರಲ್ಲಿ ತೆರೆಯಲಿ ಅಂತ ಪಟ್ಟಿ ಮುಂದಿಡುತ್ತದೆ. ಆ ಪಟ್ಟಿಯಲ್ಲಿ ಸರಿಯಾದ ಉತ್ತರವೇ ಇಲ್ಲ. ಚೀಟಿ ಸರಿ ಇದೆ, ಚೀಲವೂ ಸರಿ ಇದೆ, ಮಂಡಿಯೇ ಬಾಗಿಲು ಹಾಕಿದೆ. ಇದನ್ನು ಯಾವ ರಿಜಿಸ್ಟ್ರಿಯೂ ಸರಿ ಮಾಡಲಾರದು.

ಹಾಗಾಗಿ ದಿನಾ ಸಂಜೆ ಗಿರಾಕಿ ಕಮ್ಮಿಯಾದ ಮೇಲೆ ಹಳೇ ಕಂಪ್ಯೂಟರಿಗೆ ಒಂದು ಸಿಡಿ ಹಾಕುತ್ತೇನೆ. ಒಂದೊಂದೇ ಫೈಲ್ ಪೇಜ್‌ಮೇಕರಿನಲ್ಲಿ ತೆರೆದು, ಪಿಡಿಎಫ್ ಮಾಡಿ ಪಕ್ಕದಲ್ಲಿ ಇಡುತ್ತೇನೆ. ಕೆಲವು ಸಿಡಿಗಳಿಗೆ ಬೂಷ್ಟು ಹಿಡಿದಿದೆ, ಹತ್ತಿಯಲ್ಲಿ ಒರೆಸಿ ಒರೆಸಿ ಓದಿಸಬೇಕು. ಮೊನ್ನೆ ಒಂದು ಗೃಹಪ್ರವೇಶದ ಪತ್ರಿಕೆ ಸಿಕ್ಕಿತು, 2004ರದ್ದು. ಆ ಮನೆಯವರು ಈಗ ಅದೇ ಮನೆ ಮಾರಲು ಕಾಗದ ಟೈಪ್ ಮಾಡಿಸಲು ಬಂದಿದ್ದರು. ಪತ್ರಿಕೆಯ ಒಂದು ಪ್ರಿಂಟ್ ತೆಗೆದು ಕೊಟ್ಟೆ. ದುಡ್ಡು ಎಷ್ಟು ಅಂತ ಕೇಳಿದರು. ಬೇಡ ಅಂದೆ.

ನಮ್ಮ ಹುಡುಗ ಮಾನಿಟರಿನ ಅಂಚಿಗೆ ಒಂದು ಚೀಟಿ ಅಂಟಿಸಿದ್ದಾನೆ: 'ಯಾವಾಗಲೂ ಟಿಕ್ ಹಾಕಬಾರದು.' ಅದನ್ನು ಓದಿದ ಒಬ್ಬ ಗಿರಾಕಿ, "ಹಾಗಾದ್ರೆ ಒಮ್ಮೊಮ್ಮೆ ಹಾಕಬಹುದಾ?" ಅಂದರು. ಇವತ್ತಿಗೆ 2006ರ ಸಿಡಿಗಳ ಅರ್ಧಕ್ಕೆ ಬಂದಿದ್ದೇನೆ. ಕರೆಂಟ್ ಹೋಗಿ ಯುಪಿಎಸ್ ಕೂಗುತ್ತಿದೆ, ಮುಂದಿನದು ನಾಳೆ.